ಚಂದ್ರಯಾತ್ರೆ ಸುಳ್ಳು ಅನ್ನೋರ ಜೊತೆ ವಾದ ಮಾಡೋದು ಹೇಗೆ

1969ರ ಚಂದ್ರಯಾತ್ರೆ ಬರೀ ನಾಟಕ ಅಂತ ಲೇಔಟಿನ ವಾಟ್ಸಾಪ್ ಗ್ರೂಪಲ್ಲಿ ಯಾರಾದರೂ ಹತ್ತು 'ಸಾಕ್ಷಿ' ಸುರಿದರೆ ಹತ್ತಕ್ಕೂ ಉತ್ತರ ಕೊಡೋಕೆ ಹೋಗಬೇಡಿ. ಒಂದನ್ನೇ ಹಿಡಿದು ಕೂತುಬಿಡಿ. ಗಾಳಿಯಿಲ್ಲದೆ ಬಾವುಟ ಹೇಗೆ ಹಾರಿತು ಅಂತಾರಾ? ಹಾರಲಿಲ್ಲ. ಮೇಲಂಚಿನಲ್ಲಿ ಅಡ್ಡಕಡ್ಡಿ ಇತ್ತು. ಅದು ಪೂರ್ತಿ ಚಾಚದೆ ಬಟ್ಟೆ ಸುಕ್ಕುಸುಕ್ಕಾಗಿ ನಿಂತಿತು, ಅಷ್ಟೆ. ನಾಸಾ ನಂಬಲ್ಲ ಅಂದರೆ, ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳು ಆಂಟೆನಾಗೆ ಮಾಹಿತಿ ಕಳಿಸುವ ಚಂದ್ರಯಾನ-2 ಕೂಡ ಆ 1969ರ ನೌಕೆ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ ಅನ್ನಿ.

ಆಗ 'ಹಾಗಾದ್ರೆ ಫೋಟೋದಲ್ಲಿರೋ ನೆರಳು?' ಅಂತ ಜಾರುತ್ತಾರೆ. ಬಿಡಬೇಡಿ. 'ಅಂಕಲ್, ಮೊದಲು ಬಾವುಟದ್ದು ಒಪ್ಪಿದ್ರಾ?' ಅಂತ ಕೇಳಿ. 'ಇಸ್ರೋದವರೂ ಶಾಮೀಲು' ಅಂತ ಬಂದರೆ (ಬಂದೇ ಬರುತ್ತೆ!) ಕೊನೇ ಪ್ರಶ್ನೆ: ಏನು ತೋರಿಸಿದರೆ ನಿಮ್ಮ ಅಭಿಪ್ರಾಯ ಬದಲಾಗುತ್ತೆ? ಏನೂ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಓದ್ತಾ ಇರೋ ಉಳಿದವರಿಗೆ ಅರ್ಥವಾಗಿರುತ್ತೆ.