ಕೋಚ್‌ಗೆ ಬೈಯುವ ಮೊದಲು ಕ್ಲಬ್ಬಿನ ಕಾಗದಪತ್ರ ನೋಡಿ

ಇಂಗ್ಲೆಂಡಿನ ಸಣ್ಣ ಊರುಗಳಲ್ಲಿರುವ ನಮ್ಮ ಕನ್ನಡದವರಲ್ಲಿ ಲಿವರ್‌ಪೂಲ್, ಆರ್ಸೆನಲ್ ಫುಟ್‌ಬಾಲ್ ಆಟವನ್ನು ಟಿವಿಯಲ್ಲಿ ನೋಡಿಕೊಂಡು, ಶನಿವಾರ ಮಧ್ಯಾಹ್ನ ಮೂರಕ್ಕೆ ಮಾತ್ರ ಪಕ್ಕದ ಬೀದಿಯ ಲೀಗ್ ಟೂ (ನಾಲ್ಕನೇ ಹಂತದ ಲೀಗ್) ಕ್ಲಬ್ಬಿಗೆ ಹೋಗಿ ಗಂಟಲು ಹರಿಯುವಂತೆ ಕೂಗುವವರು ಇದ್ದಾರೆ. ಟಿಕೆಟ್ ಸಿಗುತ್ತದೆ, ನಡೆದುಕೊಂಡೇ ಹೋಗಬಹುದು, ಮಕ್ಕಳಿಗೂ ಖುಷಿ. ಈ ಬರಹ ಅಂಥವರಿಗೆ. ಅದರಲ್ಲೂ ಸೋತು ಸೋತು ಸುಸ್ತಾಗಿ, ತಪ್ಪು ಆಟಗಾರರದ್ದಲ್ಲ ಮೇಲೆ ಕೂತವರದ್ದು ಅನ್ನೋ ಅನುಮಾನ ಶುರುವಾಗಿರುವವರಿಗೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸೋಲು ಬೇರೆ, ದಿವಾಳಿ ಬೇರೆ. ಬೆರಿ ಕ್ಲಬ್ಬನ್ನೇ ನೋಡಿ. 1885ರಲ್ಲಿ ಹುಟ್ಟಿದ್ದು, ಎಫ್‌ಎ ಕಪ್ ಎರಡು ಸಲ ಗೆದ್ದಿದ್ದು. 2019ರಲ್ಲಿ ಲೀಗ್ ಟೂನಲ್ಲಿ ಎರಡನೇ ಸ್ಥಾನಕ್ಕೆ ಬಂದು ಮೇಲಿನ ಲೀಗಿಗೆ ಏರಿತು. ಅದೇ ವರ್ಷ ಆಗಸ್ಟ್ 27ಕ್ಕೆ ಅದನ್ನು ಲೀಗಿನಿಂದಲೇ ಹೊರಹಾಕಿದರು. ತಂಡ ಗೆಲ್ಲುತ್ತಿತ್ತು, ಕ್ಲಬ್ ಸಾಯುತ್ತಿತ್ತು. ಅಂಕಪಟ್ಟಿ ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಅದಕ್ಕೂ ಕೆಲವೇ ತಿಂಗಳ ಹಿಂದೆ ಆ ಕ್ಲಬ್ ಕೈ ಬದಲಾಗಿದ್ದು ಬರೀ ಒಂದು ಪೌಂಡಿಗೆ.

ಹಾಗಾಗಿ ಕೋಚ್‌ನ ತೆಗೀರಿ ಅಂತ ಬ್ಯಾನರ್ ಬರೆಯೋದನ್ನು ಸ್ವಲ್ಪ ಪಕ್ಕಕ್ಕಿಡಿ. ಲ್ಯಾಪ್‌ಟಾಪ್ ತೆಗೆಯಿರಿ.

ಬ್ರಿಟನ್ನಿನಲ್ಲಿ ನೋಂದಣಿಯಾದ ಪ್ರತಿ ಕಂಪನಿಯ ಕಡತವೂ ಕಂಪನೀಸ್ ಹೌಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಕ್ಲಬ್ ಕೂಡ ಒಂದು ಕಂಪನಿಯೇ. ಹೆಸರು ಹಾಕಿ ಹುಡುಕಿ. ಊರಲ್ಲಿ ಸೈಟು ಕೊಳ್ಳುವ ಮೊದಲು ಇಸಿ ತೆಗೆಸಿ ಋಣಭಾರ ಏನಾದರೂ ಇದೆಯಾ ಅಂತ ನೋಡ್ತೀವಲ್ಲ, ಅದೇ ಕೆಲಸ ಇದು. ಇಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆಯಬೇಕಾಗಿಲ್ಲ, ಅಷ್ಟೆ.

ಕಡತ ತೆರೆದಾಗ ಮೊದಲು ಕಣ್ಣು ಹಾಯಿಸಬೇಕಾದ್ದು ಲೆಕ್ಕಪತ್ರ ಸಲ್ಲಿಸುವ ಗಡುವಿನ ಮೇಲೆ. ಹಣಕಾಸು ವರ್ಷ ಮುಗಿದು ಒಂಬತ್ತು ತಿಂಗಳೊಳಗೆ ಲೆಕ್ಕ ಕೊಡಬೇಕು. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಗಡುವು ಮೀರಿದೆ ಅಂತ ಕಂಡರೆ ಕೇಳಲೇಬೇಕಾದ ಪ್ರಶ್ನೆ ಒಂದು ಸಿಕ್ಕಿತು ಅಂತಲೇ ಅರ್ಥ. ಸಣ್ಣ ಕ್ಲಬ್ಬುಗಳು ಲಾಭ ನಷ್ಟದ ಪುಟವನ್ನೇ ಸಲ್ಲಿಸದೆ ಇರುವುದುಂಟು. ಅದಕ್ಕೆ ಕಾನೂನಿನ ಅನುಮತಿಯೂ ಇದೆ, ಆದ್ದರಿಂದ ಅದೊಂದೇ ನೋಡಿ ಗಾಬರಿಯಾಗಬೇಡಿ. ಇರುವ ಪುಟದಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದ ಸಾಲ ಎಷ್ಟು ಅಂತ ನೋಡಿ, ಹಿಂದಿನ ವರ್ಷದ ಅಂಕಿ ಅದರ ಪಕ್ಕದಲ್ಲೇ ಇರುತ್ತದೆ, ಎರಡನ್ನೂ ಹೋಲಿಸಿ. ಆಮೇಲೆ ಕೊನೆಯ ಟಿಪ್ಪಣಿಗಳು. ಜನ ಓದದೆ ಬಿಡುವ ಜಾಗ ಇದೇ, ಆದರೆ ವಿಷಯವೆಲ್ಲ ಇರೋದು ಅಲ್ಲೇ. ಮಾಲೀಕರ ಇನ್ನೊಂದು ಕಂಪನಿಗೆ ಕ್ಲಬ್ ಸಾಲ ಕೊಟ್ಟಿದೆಯಾ? ಮಾಲೀಕರೇ ಕ್ಲಬ್ಬಿಗೆ ಸಾಲ ಕೊಟ್ಟು ಬಡ್ಡಿ ಹಾಕುತ್ತಿದ್ದಾರಾ? ಮುಂದಿನ ಒಂದು ವರ್ಷ ಕ್ಲಬ್ ನಡೆಯುತ್ತದೋ ಇಲ್ಲವೋ ಅಂತ ಲೆಕ್ಕ ಪರಿಶೋಧಕರೇ ಅನುಮಾನ ಬರೆದಿದ್ದಾರಾ? ಇವೆಲ್ಲ ಸಣ್ಣ ಅಕ್ಷರದಲ್ಲಿ ಅಲ್ಲೇ ಇರುತ್ತವೆ.

ಅಡಮಾನದ ಪಟ್ಟಿಗೆ ಬೇರೆ ಪುಟ ಇದೆ. ಯಾವ ಸಾಲ ತೀರಿದೆ, ಯಾವುದು ಬಾಕಿ, ಯಾರಿಗೆ, ಎಲ್ಲ ಅಲ್ಲಿ ಗೊತ್ತಾಗುತ್ತದೆ. ಬ್ಯಾಂಕಿನ ಹೆಸರಿದ್ದರೆ ಸರಿ. ಕೇಳದೇ ಇರುವ ಯಾವುದೋ ಲೇವಾದೇವಿ ಕಂಪನಿಯ ಹೆಸರಿದ್ದು, ಅಡವಿಟ್ಟಿರುವುದು ಮೈದಾನವೇ ಆಗಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈಗ ನಿಜವಾದ ಪ್ರಶ್ನೆ. ಮೈದಾನ ಯಾರ ಹೆಸರಲ್ಲಿದೆ? ನನ್ನನ್ನು ಕೇಳಿದರೆ ಉಳಿದಿದ್ದೆಲ್ಲ ಇದರ ಮುಂದೆ ಸಣ್ಣದು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕಟ್ಟಿದರೆ ಆ ಜಾಗದ ಹಕ್ಕುಪತ್ರದ ಪ್ರತಿ ಸಿಗುತ್ತದೆ. ಕ್ಲಬ್ ಒಂದು ಕಂಪನಿ, ಮೈದಾನ ಇನ್ನೊಂದು ಕಂಪನಿ, ಎರಡಕ್ಕೂ ಮಾಲೀಕರು ಒಬ್ಬರೇ ಅಂತ ಆಗಿದ್ದರೆ, ನಾಳೆ ಕ್ಲಬ್ ಮುಳುಗಿದರೂ ಆ ಮನುಷ್ಯನ ಕೈಯಲ್ಲಿ ಊರಿನ ನಡುವಿನ ಜಾಗ ಉಳಿಯುತ್ತದೆ, ಅಲ್ವಾ? ಬ್ರೈಟನ್ ಕ್ಲಬ್ಬಿನ ಮೈದಾನ 1995ರಲ್ಲಿ ಕೈತಪ್ಪಿತು. ಗೋಲ್ಡ್‌ಸ್ಟೋನ್ ಮೈದಾನವನ್ನು ಬಿಲ್ಡರ್‌ಗಳಿಗೆ ಮಾರಿದರು. ಮೈದಾನ ಮಾರಿದರೂ ಲಾಭ ಷೇರುದಾರರ ಜೇಬಿಗೆ ಹೋಗಬಾರದು ಅಂತ ಕ್ಲಬ್ಬಿನ ನಿಯಮಾವಳಿಯಲ್ಲಿ ಇದ್ದ ಸಾಲು ಸದ್ದಿಲ್ಲದೆ ಮಾಯವಾಗಿದ್ದನ್ನು ಕಂಡುಹಿಡಿದದ್ದು ಒಬ್ಬ ಅಭಿಮಾನಿ. ಕಾಗದ ಓದಿ! 1997ರಲ್ಲಿ ಕೊನೆಯ ಪಂದ್ಯ ಆಡಿದ ಮೇಲೆ ಎರಡು ವರ್ಷ ಎಪ್ಪತ್ತು ಮೈಲಿ ಆಚೆಯ ಜಿಲಿಂಗ್‌ಹ್ಯಾಮ್‌ನಲ್ಲಿ ಆಡಿದರು, ಸ್ವಂತ ಮೈದಾನ ಆಗಿದ್ದು 2011ಕ್ಕೆ. ವಿಂಬಲ್ಡನ್ ಕ್ಲಬ್ ಮೈದಾನ ಕಳಕೊಂಡು ಕೊನೆಗೆ ಊರನ್ನೇ ಕಳಕೊಂಡಿತು. 2002ರಲ್ಲಿ ಅದನ್ನು ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗಲು ಒಪ್ಪಿಗೆ ಸಿಕ್ಕಿತು.

ಕಾಗದ ಕೈಗೆ ಬಂದ ಮೇಲೆ ಅದನ್ನು ಎಲ್ಲಿ ಹಿಡಿಯೋದು? ಇಎಫ್‌ಎಲ್ (ಇಂಗ್ಲಿಷ್ ಫುಟ್‌ಬಾಲ್ ಲೀಗ್) ನಿಯಮದ ಪ್ರಕಾರ ಕ್ಲಬ್ಬುಗಳು ವರ್ಷಕ್ಕೆ ಎರಡು ಸಲವಾದರೂ ಅಭಿಮಾನಿಗಳ ಜೊತೆ ಕೂತು ಮಾತಾಡಬೇಕು. ಆ ಸಭೆಗೆ ಹೋಗಿ. ಅಲ್ಲಿ ನಡೆಯೋದು ಸಾಮಾನ್ಯವಾಗಿ ಹೀಗೆ: ಒಬ್ಬರು ಎದ್ದು ನಲವತ್ತು ವರ್ಷದಿಂದ ಬರ್ತಿದ್ದೀನಿ ಅಂತ ಶುರು ಮಾಡಿ, ಐದು ನಿಮಿಷ ಮಾತಾಡಿ, ನಡುವೆ ಲೆಫ್ಟ್ ಬ್ಯಾಕ್, ಚಹಾದ ರೇಟು, ಶೌಚಾಲಯ ಎಲ್ಲ ಸೇರಿಸುತ್ತಾರೆ. ಮೇಜಿನ ಆ ಕಡೆ ಕೂತವರು ಅದರಲ್ಲಿ ಸುಲಭದ್ದನ್ನು ಆರಿಸಿಕೊಂಡು, ಚಹಾದ ಬಗ್ಗೆ ನಗುನಗುತ್ತಾ ಉತ್ತರ ಕೊಟ್ಟು ಕೂರುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದೇ ಪ್ರಶ್ನೆ, ಅದರೊಳಗೆ ಒಂದು ತಾರೀಕು ಅಥವಾ ಒಂದು ಅಂಕಿ. "ಮಾರ್ಚ್‌ನಲ್ಲಿ ಮೈದಾನದ ಮೇಲೆ ಹೊಸ ಅಡಮಾನ ದಾಖಲಾಗಿದೆ. ಆ ಹಣ ಯಾವುದಕ್ಕೆ ಬಳಸಿದಿರಿ?" ಅಷ್ಟೇ. ಕೇಳಿ ಕೂತುಬಿಡಿ. ಹಾರಿಕೆಯ ಉತ್ತರ ಬಂದರೆ ಹಿಂದಿನ ಸಾಲಿನಲ್ಲಿರುವ ನಿಮ್ಮ ಸ್ನೇಹಿತರು ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿ. ಇದನ್ನು ಮೊದಲೇ ಮಾತಾಡಿಕೊಂಡಿರಬೇಕು. ಉತ್ತರ ಬರೆದುಕೊಳ್ಳಲು ಇನ್ನೊಬ್ಬರು.

ಒಬ್ಬೊಬ್ಬರೇ ಹೋದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೆಚ್ಚಿನ ಕ್ಲಬ್ಬುಗಳಿಗೆ ಸಪೋರ್ಟರ್ಸ್ ಟ್ರಸ್ಟ್, ಅಂದರೆ ಅಭಿಮಾನಿಗಳೇ ನಡೆಸುವ ಸಂಘ, ಇರುತ್ತದೆ, ಒಬ್ಬರಿಗೆ ಒಂದೇ ಓಟು, ಸದಸ್ಯತ್ವಕ್ಕೆ ಸಣ್ಣ ಮೊತ್ತ. ಸೇರಿಕೊಳ್ಳಿ. ಎಕ್ಸೆಟರ್ ಸಿಟಿ 2003ರಿಂದ ಟ್ರಸ್ಟಿನ ಕೈಯಲ್ಲೇ ಇದೆ. ಸಾಲದಲ್ಲಿ ಮುಳುಗಿದ್ದಾಗ 2005ರ ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರದೇ ಓಲ್ಡ್ ಟ್ರಾಫರ್ಡ್‌ನಲ್ಲಿ ಗೋಲಿಲ್ಲದ ಡ್ರಾ ಮಾಡಿಕೊಂಡು, ಆ ಪಂದ್ಯಗಳಿಂದ ಬಂದ ಹಣದಲ್ಲಿ ಉಸಿರಾಡಿತು. ಹಾಗಂತ ಟ್ರಸ್ಟ್ ಬಂದರೆ ಎಲ್ಲ ಸರಿಹೋಗುತ್ತೆ ಅಂದುಕೊಳ್ಳಬೇಡಿ. ಪೋರ್ಟ್ಸ್‌ಮತ್ ಅಭಿಮಾನಿಗಳು 2013ರಲ್ಲಿ ಕ್ಲಬ್ ಉಳಿಸಿಕೊಂಡರು, 2017ರಲ್ಲಿ ತಾವೇ ಓಟು ಹಾಕಿ ಮಾರಿದರು. ದೊಡ್ಡ ಖರ್ಚಿಗೆ ದೊಡ್ಡ ಜೇಬು ಬೇಕಾಯಿತು.

ಟ್ರಸ್ಟ್ ಮಾಡಬಹುದಾದ, ತುಂಬಾ ಜನಕ್ಕೆ ಗೊತ್ತಿಲ್ಲದ ಕೆಲಸ ಒಂದಿದೆ. ಮೈದಾನವನ್ನು ಸಮುದಾಯದ ಆಸ್ತಿ ಅಂತ ಪಟ್ಟಿಗೆ ಸೇರಿಸಿ ಅಂತ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. 2011ರ ಲೋಕಲಿಸಂ ಕಾಯ್ದೆಯಲ್ಲಿ ಬಂದ ದಾರಿ ಇದು. ಪಟ್ಟಿಗೆ ಸೇರಿದ ಮೇಲೆ ಮಾಲೀಕರು ಮಾರಲು ಹೊರಟರೆ ಕೌನ್ಸಿಲ್‌ಗೆ ತಿಳಿಸಬೇಕು, ಊರಿನ ಗುಂಪು ಮುಂದೆ ಬಂದರೆ ಆರು ತಿಂಗಳು ಮಾರಾಟ ತಡೆಯುತ್ತದೆ. ಟ್ರಸ್ಟ್ ಇಲ್ಲದಿದ್ದರೂ ಸ್ಥಳೀಯ ಮತದಾರರ ಪಟ್ಟಿಯಲ್ಲಿರುವ 21 ಜನರ ಗುಂಪು ಸಾಕು. ಇಲ್ಲಿ ನಮ್ಮವರಿಗೆ ಒಂದು ಮಾತು: ಬ್ರಿಟನ್ನಿನಲ್ಲಿ ನೆಲೆಸಿರುವ ಭಾರತದ ಪ್ರಜೆ ಕಾಮನ್‌ವೆಲ್ತ್ ಲೆಕ್ಕದಲ್ಲಿ ಅಲ್ಲಿನ ಮತದಾರರ ಪಟ್ಟಿಗೆ ಸೇರಬಹುದು. ವೀಸಾದಲ್ಲಿದ್ದೀನಿ, ನಂಗ್ಯಾಕೆ ಅಂತ ಸುಮ್ನೆ ಕೂರಬೇಡಿ. ನೀವೂ ಆ 21ರಲ್ಲಿ ಒಬ್ಬರಾಗಬಹುದು, ಅಲ್ಲಿನ ಎಂಪಿಗೆ ಮತದಾರರಾಗಿಯೇ ಪತ್ರ ಬರೆಯಬಹುದು.

ದುಡ್ಡಿನ ವಿಷಯ. ಬಹಿಷ್ಕಾರ ಅನ್ನೋದು ಕೊನೆಯ ಅಸ್ತ್ರ, ಅರೆಬರೆ ಮಾಡಿದರೆ ಟಿಕೆಟ್ ಕೌಂಟರಿನ ಹುಡುಗಿಯ ಕೆಲಸ ಹೋಗುತ್ತದೆಯೇ ಹೊರತು ಮಾಲೀಕರಿಗೆ ತಟ್ಟುವುದಿಲ್ಲ. ಮಾಡಿದರೆ ಬ್ಲ್ಯಾಕ್‌ಪೂಲಿನವರ ಹಾಗೆ ಮಾಡಬೇಕು. ಒಂದು ಪೆನ್ನಿಯೂ ಇಲ್ಲ ಅಂತ ವರ್ಷಗಟ್ಟಲೆ ಹೊರಗೇ ನಿಂತರು. 2019ರ ಫೆಬ್ರುವರಿಯಲ್ಲಿ ಕೋರ್ಟ್ ಕ್ಲಬ್ಬಿಗೆ ರಿಸೀವರ್ (ಮಾಲೀಕರ ಬದಲು ಆಡಳಿತ ನೋಡಿಕೊಳ್ಳುವವರು) ನೇಮಿಸಿದ ಮೇಲೆ, ಮಾರ್ಚ್ 9ರಂದು 15 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಒಳಗೆ ಬಂದರು. ಕೋವೆಂಟ್ರಿಯವರು 2013ರಲ್ಲಿ ತಮ್ಮ ತಂಡ ನಾರ್ತಾಂಪ್ಟನ್ನಿಗೆ ಹೋಗಿ ಆಡಬೇಕಾಗಿ ಬಂದಾಗ, ಮಾಲೀಕರಿಗೆ ಕಾಸು ಕೊಡಬಾರದು ಅಂತ ಮೈದಾನದ ಹೊರಗಿನ ದಿಬ್ಬದ ಮೇಲೆ ನಿಂತು ಪಂದ್ಯ ನೋಡಿದರು. ತಂಡವನ್ನೂ ಬಿಡಲಿಲ್ಲ, ಹಣವನ್ನೂ ಕೊಡಲಿಲ್ಲ. ನಿಮ್ಮಲ್ಲಿ ದಿಬ್ಬ ಇಲ್ಲದಿದ್ದರೆ ಎದುರಾಳಿ ಊರಿನ ಪಂದ್ಯಗಳಿಗೆ ಹೋಗಿ, ಲೀಗ್ ಪಂದ್ಯದ ಗೇಟ್ ಹಣ ಆ ಊರಿನ ಕ್ಲಬ್ಬಿಗೆ ಸೇರುತ್ತದೆ. ಸೀಸನ್ ಟಿಕೆಟ್ ಕೊಳ್ಳಲೇಬೇಕು ಅಂದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳಿ. ನೂರು ಪೌಂಡ್ ಮೀರಿದ ಖರೀದಿಯಾದರೆ, ಕ್ಲಬ್ ಬಾಗಿಲು ಹಾಕಿದಾಗ ಕಾರ್ಡ್ ಕಂಪನಿಯಿಂದ ಹಣ ವಾಪಸ್ ಕೇಳಲು ಕಾನೂನಿನಲ್ಲಿ ದಾರಿ ಇದೆ.

ಮೈದಾನಕ್ಕೆ ನುಗ್ಗಬೇಡಿ. 2024ರ ಜನವರಿಯಲ್ಲಿ ರೆಡಿಂಗ್ ಅಭಿಮಾನಿಗಳು ನುಗ್ಗಿ ಪಂದ್ಯವೇ ರದ್ದಾಯಿತು, ದೇಶವೆಲ್ಲ ಅವರ ಗೋಳು ಕೇಳಿತು, ನಿಜ. ಆದರೆ 1991ರ ಕಾನೂನಿನ ಪ್ರಕಾರ ಅನುಮತಿಯಿಲ್ಲದೆ ಮೈದಾನಕ್ಕೆ ಇಳಿಯೋದೂ, ಒಳಗೆ ಏನಾದರೂ ಎಸೆಯೋದೂ ಅಪರಾಧ, ಅದು ಟೆನಿಸ್ ಚೆಂಡೇ ಆಗಿರಲಿ. ಅಲ್ಲಿನವರಿಗೆ ಹೆಚ್ಚೆಂದರೆ ದಂಡ, ಕೆಲವು ವರ್ಷ ಸ್ಟೇಡಿಯಂ ನಿಷೇಧ. ವೀಸಾದಲ್ಲಿರುವ ನಿಮಗೆ ಶಿಕ್ಷೆಯಾದರೆ ಅದು ಮುಂದಿನ ಪ್ರತಿ ಅರ್ಜಿಯಲ್ಲೂ ಬರೆಯಬೇಕಾದ ವಿಷಯ. ಬರೆಯುವಾಗಲೂ ಅಷ್ಟೆ. ಕಳ್ಳ ಅನ್ನಬೇಡಿ, ದಾಖಲೆಯಲ್ಲಿ ಇರೋದನ್ನು ಹಾಗೇ ಹಾಕಿ. ಬ್ಲ್ಯಾಕ್‌ಪೂಲಿನಲ್ಲಿ ಮಾಲೀಕರು ಅಭಿಮಾನಿಗಳ ಮೇಲೇ ಮಾನನಷ್ಟ ಕೇಸು ಹಾಕಿದ್ದರು.

2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತದ ಕಾಯ್ದೆ ಬಂದಿದೆ. ಮೇಲಿನ ಐದು ಹಂತದ ಕ್ಲಬ್ಬುಗಳಿಗೆಲ್ಲ ಸ್ವತಂತ್ರ ನಿಯಂತ್ರಕರು ಇದ್ದಾರೆ, ಮೈದಾನ ಮಾರುವುದಕ್ಕೂ ಅವರ ಒಪ್ಪಿಗೆ ಬೇಕು ಅಂತ ಕಾಯ್ದೆ ಹೇಳುತ್ತದೆ. ನೀವು ಕೂಡಿಟ್ಟ ಸ್ಕ್ರೀನ್‌ಶಾಟ್, ಸಭೆಯ ಟಿಪ್ಪಣಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಟ್ರಸ್ಟಿನ ಹೆಸರಲ್ಲಿ ಅಲ್ಲಿಗೆ ಕಳಿಸಬಹುದು. ಎರಡು ಪುಟ ಮೀರದಿರಲಿ.

ಕೊನೆಗೊಂದು ದಿನ ಕ್ಲಬ್ ಮಾರಾಟವಾಯಿತು ಅನ್ನೋ ಸುದ್ದಿ ಬಂದೇ ಬರುತ್ತದೆ. ಹೊಸಬರು ಕೊರಳಿಗೆ ಸ್ಕಾರ್ಫ್ ಹಾಕಿಕೊಂಡು ಫೋಟೋ ತೆಗೆಸಿಕೊಂಡಿರುತ್ತಾರೆ. ಅವರ ಹೆಸರನ್ನೂ ಕಂಪನೀಸ್ ಹೌಸಿನಲ್ಲಿ ಹಾಕಿ. ಹೆಸರಿನ ಮೇಲೆ ಒತ್ತಿದರೆ ಅವರು ನಿರ್ದೇಶಕರಾಗಿದ್ದ ಕಂಪನಿಗಳ ಪಟ್ಟಿ ಬರುತ್ತದೆ, ಅದರಲ್ಲಿ ಎಷ್ಟು ಇನ್ನೂ ನಡೀತಿವೆ, ಎಷ್ಟು ಮುಚ್ಚಿಹೋಗಿವೆ ಅಂತ ಪಕ್ಕದಲ್ಲೇ ಬರೆದಿರುತ್ತದೆ.