ಮಂಡಿಪೇಟೆಯ ಟ್ಯಾಲಿ ಉಳಿಸಿದ ಹಳೇ ಡಬ್ಬ

ದಾವಣಗೆರೆಯಲ್ಲಿ ಹನ್ನೆರಡು ಹದಿಮೂರು ಅಂಗಡಿಗಳ ಕಂಪ್ಯೂಟರ್ ಎಎಂಸಿ, ಅಂದರೆ ವರ್ಷದ ನಿರ್ವಹಣೆ ಗುತ್ತಿಗೆ, ನನ್ನದು. "ನಮ್ ಕಂಪ್ಯೂಟರ್‌ನಾಗೆ ಕದಿಯೋಕೆ ಏನೈತಪ್ಪಾ?" ಅನ್ನುವ ಸಾಹುಕಾರರು ನಿಮಗೂ ಸಿಕ್ಕಿರುತ್ತಾರೆ. ಕದಿಯುವುದೇ ಬೇಡ, ಬೀಗ ಹಾಕಿದರೆ ಸಾಕು.

2020ರ ಫೆಬ್ರವರಿ. ಮಂಡಿಪೇಟೆಯ ಒಂದು ಹೋಲ್‌ಸೇಲ್ ಬೇಳೆ ಅಂಗಡಿಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯಲಿಲ್ಲ. ಹೋಗಿ ನೋಡಿದರೆ ಪ್ರತಿ ಫೈಲಿನ ಹೆಸರಿಗೂ ನಾಲ್ಕಕ್ಷರದ ಬಾಲ. ಫೋಲ್ಡರಿಗೊಂದು ರೀಡ್‌ಮಿ ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ. ಅದು ಸ್ಟಾಪ್ ಡಿಜೆವಿಯು, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್ಯಾನ್ಸಮ್‌ವೇರ್. ಆ್ಯಂಟಿವೈರಸ್ ಕಂಪನಿ ಎಮ್ಸಿಸಾಫ್ಟ್‌ನವರ, ಬೀಗ ತೆಗೆಯುವ ಉಚಿತ ಡಿಕ್ರಿಪ್ಟರ್ ಓಡಿಸಿದೆ. ನಮ್ಮದು ಆನ್‌ಲೈನ್ ಕೀ, ಅಂದರೆ ಬೀಗದ ಕೈ ಕಳ್ಳರ ಸರ್ವರಿನಲ್ಲೇ; ಡಿಕ್ರಿಪ್ಟರ್ ಕೈಯೆತ್ತಿತು. ಬ್ಯಾಕಪ್ ಪೆನ್ ಡ್ರೈವ್ ಇತ್ತು, ಆದರೆ ಅದನ್ನು ಯಾವಾಗಲೂ ಕಂಪ್ಯೂಟರಿಗೇ ಸಿಕ್ಕಿಸಿಟ್ಟಿದ್ದರು. ಅದೂ ಹೋಯಿತು.

ಹಿಂದಿನ ಸಂಜೆ ಆ್ಯಂಟಿವೈರಸ್ ಆಫ್ ಮಾಡಿ ಆಫೀಸ್ ಕ್ರ್ಯಾಕ್ (ಕಳ್ಳ ಪ್ರತಿ) ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ದುಡ್ಡು ಕಟ್ಟಲಿಲ್ಲ. ಇಬ್ಬರು ಹುಡುಗರು ಒಂದೂವರೆ ತಿಂಗಳು ಕಾಗದದ ಬಿಲ್ ನೋಡಿ ಮತ್ತೆ ಎಂಟ್ರಿ ಮಾಡಿದರು. ಸುಮಾರು ನಲವತ್ತೈದು ಸಾವಿರ ಖರ್ಚು, ಅದರಲ್ಲಿ ಹದಿನೈದು ನನ್ನ ಜೇಬಿನದು.

ಆಮೇಲೆ ತಲೆಗೆ ಹೊಕ್ಕಿದ್ದು ಒಂದೇ ಯೋಚನೆ. ಅಂಗಡಿಯ ಪಿಸಿ ಬ್ಯಾಕಪ್ಪನ್ನು ಕಳಿಸಬಾರದು. ಲಿನಕ್ಸ್ ಓಡುವ ಇನ್ನೊಂದು ಡಬ್ಬ, ಅಂದರೆ ಬೇರೆ ಕಂಪ್ಯೂಟರ್, ಬಂದು ಎಳೆದುಕೊಂಡು ಹೋಗಬೇಕು. ಡಬ್ಬದ ಪಾಸ್‌ವರ್ಡ್ ಪಿಸಿಗೆ ಗೊತ್ತೇ ಇರಬಾರದು. ಗೆಳೆಯರು ನಕ್ಕರು. "ಬೇಳೆ ಮಾರೋರಿಗೆ ಲಿನಕ್ಸ್ ಯಾಕೋ?"

ಮೊದಲು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಮಾಡಿದೆ. ಕರೆಂಟ್ ಹೋಗಿ ಬಂದು ಎರಡು ಎಸ್‌ಡಿ ಕಾರ್ಡ್ ಸತ್ತವು. ಆಮೇಲೆ ಹಳೇ ಡ್ಯುಯಲ್ ಕೋರ್ ಪಿಸಿ, ಡೆಬಿಯನ್ ಲಿನಕ್ಸ್, 1 ಟಿಬಿ ಡಿಸ್ಕ್, ಒಂದು ಯುಪಿಎಸ್. ಎಲ್ಲ ಸೇರಿ ಒಂಬತ್ತು ಸಾವಿರದ ಆಸುಪಾಸು. ಟ್ಯಾಲಿ ಫೋಲ್ಡರನ್ನು ಡಬ್ಬಕ್ಕೆ ಓದಲು ಮಾತ್ರ ಬರುವ ಹಾಗೆ ಶೇರ್ ಮಾಡಿ, ಆರ್‌ಸ್ನ್ಯಾಪ್‌ಶಾಟ್ ಎಂಬ ಬ್ಯಾಕಪ್ ಪ್ರೋಗ್ರಾಮಿನಲ್ಲಿ ಮೂವತ್ತು ದಿನದ ಪ್ರತಿ. ಡಬ್ಬದ ಒಂದು ಫೋಲ್ಡರೂ ಬೇರೆ ಕಂಪ್ಯೂಟರಿಗೆ ತೆರೆದಿಲ್ಲ.

ರಾತ್ರಿ ಹತ್ತಕ್ಕೆ ಅಂಗಡಿಯ ಪಿಸಿಯನ್ನು ನೆಟ್‌ವರ್ಕಿನಿಂದಲೇ ಎಬ್ಬಿಸಲು ವೇಕ್ ಆನ್ ಲ್ಯಾನ್ ಹಾಕಿದೆ. ಬಲು ಜಾಣ ಅಂದುಕೊಂಡೆ. ಮೂರು ವಾರ ಬ್ಯಾಕಪ್ ಸೊನ್ನೆ. ಸಾಹುಕಾರರು ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚೇ ಇಳಿಸಿ ದೇವರಿಗೆ ಕೈಮುಗಿದು ಹೋಗುತ್ತಿದ್ದರು! ಕೊನೆಗೆ ಮಧ್ಯಾಹ್ನ ಎರಡೂವರೆಗೆ, ಎಲ್ಲರೂ ಊಟಕ್ಕೆ ಹೋದಾಗ, ಟ್ಯಾಲಿ ಮುಚ್ಚಿಟ್ಟು ಎಳೆಯುವುದು ಅಂತಾಯಿತು.

ಇನ್ನೊಂದು ಕೈಚಳಕ ಇದೆ. ಟ್ಯಾಲಿ ಡೇಟಾ ಮಧ್ಯೆ ಒಂದು ಬಲೆ ಫೈಲ್. ಅದರ ಒಂದಕ್ಷರ ಬದಲಾದರೂ ಡಬ್ಬ ಎಳೆಯುವುದನ್ನು ನಿಲ್ಲಿಸಿ ನನ್ನ ಮೊಬೈಲಿಗೆ ಮೆಸೇಜ್ ಹಾಕುತ್ತದೆ. ಅದರ ಹೆಸರು, ಜಾಗ ಮಾತ್ರ ಕೇಳಬೇಡಿ.

ಮಧ್ಯದಲ್ಲಿ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸಾಹುಕಾರರ ಒಪ್ಪಿಗೆ ತಗೊಂಡು ಅಂಗಡಿಯ ಮೇಲ್‌ಗೆ 'ಜಿಎಸ್‌ಟಿ ನೋಟಿಸ್' ಅಂತ ಸುಳ್ಳು ಲಿಂಕ್ ಕಳಿಸಿದೆ. ಐವರಲ್ಲಿ ನಾಲ್ವರು ಒತ್ತಿದರು. ಮೊದಲು ಒತ್ತಿದವರು ಸಾಹುಕಾರರೇ. ಅವತ್ತೇ ಎಲ್ಲರ ಅಡ್ಮಿನ್ ಹಕ್ಕು, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ, ಕಿತ್ತೆ. ಸಿಸಿಟಿವಿಯನ್ನೂ ಗಿರಾಕಿಗಳ ವೈಫೈಯನ್ನೂ ಬೇರೆ ನೆಟ್‌ವರ್ಕಿಗೆ ಹಾಕಿದೆ. ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್‌ಗೆ ಬಾಕ್ಸಿನಿಂದ ಬಂದ ಪಾಸ್‌ವರ್ಡೇ ಇತ್ತು, ಹೇಳಬೇಕಾ?

ಹೋದ ವರ್ಷ ಮತ್ತೆ ಹೊಡೆಯಿತು. ಹೊಸ ಹುಡುಗ ವಿಸಿಟಿಂಗ್ ಕಾರ್ಡ್ ಮಾಡಲು ಯಾವುದೋ ಕ್ರ್ಯಾಕ್ ಇಳಿಸಿದ್ದ. ಅಡ್ಮಿನ್ ಹಕ್ಕು ಇಲ್ಲದಿದ್ದರೇನು, ಎಂಟ್ರಿ ಮಾಡಲು ಅವನಿಗೆ ಟ್ಯಾಲಿ ಫೋಲ್ಡರಿಗೆ ಬರೆಯುವ ಹಕ್ಕು ಇದ್ದೇ ಇತ್ತು. ತಾರೀಖು 9. ಜಿಎಸ್‌ಟಿಯ ಮಾರಾಟ ಲೆಕ್ಕ ಜಿಎಸ್‌ಟಿಆರ್-1ಕ್ಕೆ 11 ಕೊನೆ. ಬಲೆ ಫೈಲ್ ಕೂಗಿತು. ನಾನು ಹೋಗುವಷ್ಟರಲ್ಲಿ ಪಿಸಿ ಪೂರ್ತಿ ಹೋಗಿತ್ತು. ವಿಂಡೋಸ್ ಹೊಸದಾಗಿ ಹಾಕಿ, ಹಿಂದಿನ ದಿನದ ಪ್ರತಿ ಇಳಿಸಿ, ಟ್ಯಾಲಿ ತೆರೆಯಲು ಮೂರು ಗಂಟೆ ಹಿಡಿಯಿತು. ಕಳೆದಿದ್ದು ಒಂದು ದಿನದ ಮೂವತ್ತಕ್ಕೂ ಹೆಚ್ಚು ಬಿಲ್.

ನಕ್ಕಿದ್ದ ಗೆಳೆಯ ಈಗ ತನ್ನ ಮೂರು ಅಂಗಡಿಗೆ ಇದೇ ಡಬ್ಬ ಕೇಳಿದ್ದಾನೆ. ಸಾಹುಕಾರರು ಎಎಂಸಿ ಜಾಸ್ತಿ ಮಾಡುತ್ತೇನೆ ಅಂದಿದ್ದರು. ಇನ್ನೂ ಮಾಡಿಲ್ಲ.