ಬರೀ ನೀರು ಹಾಕಿದ ವೆಲ್ ಕೂಡ ಗುಲಾಬಿ ಆಗಿತ್ತು

ಬಣ್ಣ ಬರಿಸುವ ಗ್ರೀಸ್ ರಿಯೇಜೆಂಟ್ ಎಂಬ ದ್ರಾವಣ ಹಾಕಿದ ಮೇಲೆ ಹತ್ತು ನಿಮಿಷ ಕಾಯಬೇಕು. ನಾನು ಮೂರನೇ ನಿಮಿಷಕ್ಕೇ ಪ್ಲೇಟ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಧಾರವಾಡದಲ್ಲಿ ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಪ್ಲೇಟಿನ ಪುಟ್ಟ ಗುಳಿಗಳಿಗೆ ವೆಲ್ ಎನ್ನುತ್ತೇವೆ. ಅಮೃತಬಳ್ಳಿ ಸಾರ ಹಾಕಿದ ವೆಲ್‌ಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಆ ಬಳ್ಳಿ ಗದಗದ ನಮ್ಮ ಮನೆ ಹಿತ್ತಲದ್ದು. ತಡೆಯಲಾಗದೆ ಊರಿಗೆ ಫೋನ್ ಮಾಡಿದೆ. "ಅವ್ವಾ, ನಿನ್ನ ಬಳ್ಳಿ ಕೆಲಸ ಮಾಡಾಕತ್ತೈತಿ."

ನನ್ನ ಕೆಲಸ ಇಷ್ಟು: ಬಳ್ಳಿಯ ಸಾರ ರೋಗನಿರೋಧಕ ಕೋಶಗಳನ್ನು ಎಚ್ಚರಿಸುತ್ತದೆಯೇ ಎಂದು ನೋಡುವುದು. ಬ್ಯಾಕ್ಟೀರಿಯಾ ಕಂಡರೆ ನುಂಗುವ ಮ್ಯಾಕ್ರೋಫೇಜ್ ಎಂಬ ಕೋಶಗಳನ್ನು 37 ಡಿಗ್ರಿಯಲ್ಲಿ ಬೆಳೆಸುತ್ತೇನೆ. ಇಲಿಯಿಂದ ಬಂದ ರಾ 264.7 ಎಂಬ ತಳಿ ಅದು. ಎಚ್ಚರಗೊಂಡಾಗ ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಅದು ದ್ರವದಲ್ಲಿ ನೈಟ್ರೈಟ್ ಆಗಿ ಉಳಿಯುತ್ತದೆ. ಗ್ರೀಸ್ ರಿಯೇಜೆಂಟ್ ಅದಕ್ಕೆ ಗುಲಾಬಿ ಬಣ್ಣ ಕೊಡುತ್ತದೆ, 540 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ಸುಮ್ಮನೆ ಕೂತ ಕೋಶಗಳಲ್ಲಿ ಬಣ್ಣ ಬರುವುದೇ ಇಲ್ಲ ಎನ್ನಬಹುದು. ಒಂದು ಮಾತು: ಬಳ್ಳಿಯ ಸಾರಕ್ಕೆ ತನ್ನದೇ ಕಂದು ಬಣ್ಣ ಇರುತ್ತದೆ. ಕೋಶಗಳಿಲ್ಲದ ವೆಲ್‌ನಲ್ಲಿ ಸಾರ ಮಾತ್ರ ಹಾಕಿ, ಆ ಅಂಕಿಯನ್ನು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಅಷ್ಟನ್ನು ನಾನು ಮಾಡಿದ್ದೆ.

ಮರುದಿನ ಗೈಡ್ ಮೇಡಂ ಪ್ಲೇಟಿನ ನಕ್ಷೆ ನೋಡಿದರು. "ಸಾರ ಕರಗಿಸಿದ್ದು ಯಾವುದರೊಳಗ?" ಎಂದರು.

"ನೀರಿನೊಳಗ, ಮೇಡಂ. ಡಿಸ್ಟಿಲ್ಡ್ ವಾಟರ್, ಆಟೋಕ್ಲೇವ್ ಮಾಡಿದ್ದು."

"ಹಂಗಾದ್ರ ಬರೀ ನೀರು ಹಾಕಿದ ವೆಲ್ ಎಲ್ಲೈತಿ?"

ಇರಲಿಲ್ಲ. ಏನೂ ಹಾಕದ ವೆಲ್ ಇಟ್ಟಿದ್ದೆ, ಅಷ್ಟು ಸಾಕು ಅಂದುಕೊಂಡಿದ್ದೆ. ಮತ್ತೆ ಪ್ಲೇಟ್ ಹಾಕಿದೆ, ಈ ಸಲ ಬರೀ ನೀರಿಗೂ ಒಂದು ಸಾಲು. 24 ಗಂಟೆ ಬಿಟ್ಟು ನೋಡಿದರೆ ಆ ಸಾಲೂ ಗುಲಾಬಿ. ಬಳ್ಳಿಯ ಸಾಲಿಗಿಂತ ಸ್ವಲ್ಪ ತೆಳು, ಅಷ್ಟೇ.

ಬಳ್ಳಿಯ ಗುಣ ಅಂದುಕೊಂಡಿದ್ದರಲ್ಲಿ ಹೆಚ್ಚಿನ ಪಾಲು ನೀರಿನದಾಗಿತ್ತು. ಡಿಸ್ಟಿಲ್ಡ್ ನೀರನ್ನು ನಾವು ದೊಡ್ಡ ಪ್ಲಾಸ್ಟಿಕ್ ಕ್ಯಾನಿನಲ್ಲಿ ವಾರಗಟ್ಟಲೆ ಇಡುತ್ತಿದ್ದೆವು. ಅಂಥ ನೀರಲ್ಲೂ 'ಗ್ರಾಂ ನೆಗೆಟಿವ್' ಎಂಬ ಗುಂಪಿನ ಕೆಲವು ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತವೆ. ಆಟೋಕ್ಲೇವ್‌ನ ಒತ್ತಡದ ಹಬೆಯಲ್ಲಿ, 121 ಡಿಗ್ರಿಗೆ ಅವು ಸಾಯುತ್ತವೆ, ಸಂಶಯವಿಲ್ಲ. ಆದರೆ ಅವುಗಳ ಹೊರಪೊರೆಯಲ್ಲಿರುವ, ಕೊಬ್ಬು-ಸಕ್ಕರೆ ಸೇರಿದ ಎಲ್‌ಪಿಎಸ್ ನಾಶವಾಗುವುದಿಲ್ಲ. ಕೋಶಕ್ಕೆ ಬ್ಯಾಕ್ಟೀರಿಯಾ ಬದುಕಿರಬೇಕೆಂದೇನಿಲ್ಲ. ಒಂದು ಮಿಲಿಲೀಟರಿನಲ್ಲಿ ಒಂದು ನ್ಯಾನೋಗ್ರಾಂ ಎಲ್‌ಪಿಎಸ್ ಇದ್ದರೂ ಈ ಕೋಶಗಳಿಗೆ ತಿಳಿಯುತ್ತದೆ.

ಅದು ತಿಳಿಯುವುದು ಮೈಮೇಲಿನ ಟಿಎಲ್‌ಆರ್4 ಎಂಬ ಗ್ರಾಹಕದಿಂದ. ಮೊದಲ ಎರಡು ಅಕ್ಷರ 'ಟೋಲ್ ಲೈಕ್'. ನಮ್ಮ ಟೋಲ್ ನಾಕಾಕ್ಕೂ ಈ ಹೆಸರಿಗೂ ಸಂಬಂಧವಿಲ್ಲ, ಅದು ಹಣ್ಣಿನ ನೊಣದ ಒಂದು ಜೀನಿನಿಂದ ಬಂದದ್ದು. ಆದರೂ ಬಿ.ಎಸ್ಸಿ ಹುಡುಗರಿಗೆ ನಾಕಾ ಅಂತಲೇ ಹೇಳುತ್ತೇನೆ, ಬೇಗ ನೆನಪಿರುತ್ತದೆ. ಎಲ್‌ಪಿಎಸ್‌ಗೆ ಸ್ಪಂದಿಸದ ಒಂದು ಇಲಿ ತಳಿಯಲ್ಲಿ ಕೆಟ್ಟಿದ್ದು ಟಿಎಲ್‌ಆರ್4ರ ಜೀನ್ ಎಂದು ಬ್ರೂಸ್ ಬಾಯ್ಟ್ಲರ್ ಅವರ ತಂಡ 1998ರಲ್ಲಿ ತೋರಿಸಿತು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ನೀರೇ ಕಾರಣ ಎಂದು ಗಟ್ಟಿ ಮಾಡಿಕೊಳ್ಳಲು ಪಾಲಿಮಿಕ್ಸಿನ್ ಬಿ ಹಾಕಿದೆ. ಅದು ಎಲ್‌ಪಿಎಸ್ ಅನ್ನು ಹಿಡಿದುಕೊಂಡು ಕೆಲಸ ಮಾಡದಂತೆ ಮಾಡುತ್ತದೆ. ನೀರಿನ ಸಾಲಿನ ಬಣ್ಣ ಹೋಯಿತು. ಸಾರದ ಸಾಲಿನದೂ ಬಹುತೇಕ ಹೋಯಿತು. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆರು ತಿಂಗಳ ಅಂಕಿಗಳನ್ನು ಬದಿಗಿಡಬೇಕಾಯಿತು.

ಆಮೇಲೆ ಮಾಡಿದ್ದು ಸರಳ. ಮೆಡಿಕಲ್ ಶಾಪಿನಿಂದ ಇಂಜೆಕ್ಷನ್‌ಗೆ ಬಳಸುವ ನೀರಿನ ಆಂಪೂಲ್‌ಗಳನ್ನು ತಂದೆ. ಅದರಲ್ಲಿ ಎಂಡೋಟಾಕ್ಸಿನ್, ಅಂದರೆ ಇದೇ ಎಲ್‌ಪಿಎಸ್, ಇಷ್ಟಕ್ಕಿಂತ ಜಾಸ್ತಿ ಇರಬಾರದೆಂದು ಮಿತಿ ಇದೆ. ಗಾಜಿನ ಸಾಮಾನನ್ನು ಒಣ ಓವನ್‌ನಲ್ಲಿ 250 ಡಿಗ್ರಿಗೆ 30 ನಿಮಿಷ ಇಟ್ಟೆ, ಆ ಬಿಸಿಗೆ ಎಲ್‌ಪಿಎಸ್ ಉಳಿಯುವುದಿಲ್ಲ. ಬಳ್ಳಿಯ ಕಾಂಡದ ಮೇಲೂ ಮಣ್ಣಿನ ಬ್ಯಾಕ್ಟೀರಿಯಾ ಇರುತ್ತವಲ್ವಾ, ಅದಕ್ಕೇ ಪ್ರತಿ ಸಾರಕ್ಕೂ ಪಾಲಿಮಿಕ್ಸಿನ್ ಇರುವುದು, ಇಲ್ಲದ್ದು ಎಂದು ಎರಡು ಸಾಲು ಇಡುತ್ತೇನೆ. ಪಾಲಿಮಿಕ್ಸಿನ್ ಎಲ್ಲವನ್ನೂ ಹಿಡಿಯುವುದಿಲ್ಲ. ಬ್ಯಾಕ್ಟೀರಿಯಾದ ಲಿಪೋಪ್ರೋಟೀನ್‌ಗಳು ಟಿಎಲ್‌ಆರ್2 ಎಂಬ ಇನ್ನೊಂದು ಗ್ರಾಹಕದ ಮೂಲಕ ಕೋಶವನ್ನು ಎಬ್ಬಿಸುತ್ತವೆ, ಅವು ಇದರ ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ಬರೀ ಬಣ್ಣ ಸಾಕೆನಿಸಲಿಲ್ಲ. ಅದು 24 ಗಂಟೆ ಆದ ಮೇಲಿನ ಸುದ್ದಿ. ಮೊದಲ ಅರ್ಧ ಗಂಟೆಯಲ್ಲಿ ಕೋಶದ ಒಳಗೆ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕಿತ್ತು.

ಒಳಗೆ ನಡೆಯುವುದು ಹೀಗೆ. ಟಿಎಲ್‌ಆರ್4 ಎಲ್‌ಪಿಎಸ್ ಹಿಡಿದ ಕೂಡಲೇ ಒಳಬದಿಗೆ ಮೈಡಿ88 ಎಂಬ ಪ್ರೋಟೀನ್ ಬಂದು ಅಂಟುತ್ತದೆ. ಅಲ್ಲಿಂದ ಇನ್ನೂ ಕೆಲವು ಪ್ರೋಟೀನ್‌ಗಳ ಕೈ ದಾಟಿ ಸುದ್ದಿ ಐಕೆಕೆ ಎಂಬ ಕಿಣ್ವಕ್ಕೆ ಮುಟ್ಟುತ್ತದೆ. ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಸದಾ ಸಿದ್ಧವಾಗಿಯೇ ಇರುತ್ತದೆ, ಆದರೆ ಐ-ಕಪ್ಪಾ-ಬಿ ಎಂಬ ಇನ್ನೊಂದು ಅದನ್ನು ಹಿಡಿದಿಟ್ಟಿರುತ್ತದೆ. ಐಕೆಕೆ ಹಿಡಿದಿಟ್ಟವನಿಗೆ ಫಾಸ್ಫೇಟ್ ಗುರುತು ಹಾಕುತ್ತದೆ. ಗುರುತು ಬಿದ್ದದ್ದನ್ನು ಕೋಶ ಚೂರು ಮಾಡಿ ಮುಗಿಸುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ನಾನು ಕೋಶಗಳಿಗೆ ಬೇಕೆಂದೇ ಎಲ್‌ಪಿಎಸ್ ಕೊಟ್ಟು, ಹಿಡಿದಿಟ್ಟವನನ್ನೇ, ಅಂದರೆ ಐ-ಕಪ್ಪಾ-ಬಿಯನ್ನೇ ನೋಡಲು ಹೊರಟೆ. ಸಮಯ 0, 15, 30, 60, 120 ನಿಮಿಷ. ಇಲ್ಲಿ ಒಂದು ಉಪಾಯ ಕಲಿತೆ. ಎಲ್ಲ ತಟ್ಟೆಗೂ ಒಟ್ಟಿಗೆ ಎಲ್‌ಪಿಎಸ್ ಹಾಕಿ ಒಂದೊಂದಾಗಿ ತೆಗೆದರೆ ಕೈ ತಡವರಿಸುತ್ತದೆ. 120 ನಿಮಿಷದ ತಟ್ಟೆಗೆ ಮೊದಲು ಹಾಕಬೇಕು, 15 ನಿಮಿಷದ್ದಕ್ಕೆ ಕೊನೆಗೆ. ಆಗ ಎಲ್ಲವೂ ಒಂದೇ ಹೊತ್ತಿಗೆ ಮುಗಿಯುತ್ತವೆ, ಎಲ್ಲವನ್ನೂ ಒಟ್ಟಿಗೆ ಐಸ್ ಮೇಲೆ ಇಡಬಹುದು. ಐಸ್ ಮೊದಲೇ ತುಂಬಿಟ್ಟಿರಬೇಕು. ಹುಡುಕಾಡುವ ಎರಡು ನಿಮಿಷದಲ್ಲಿ 15 ನಿಮಿಷ 17 ಆಗಿರುತ್ತದೆ.

ಒಂದು ಪ್ರೋಟೀನ್ ಎಷ್ಟಿದೆ ಎಂದು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ಚಿತ್ರ ಪರದೆಯ ಮೇಲೆ ಬಂದಾಗ ರಾತ್ರಿ ಎಂಟಾಗಿತ್ತು. 0 ನಿಮಿಷದಲ್ಲಿ ದಪ್ಪ ಕಪ್ಪು ಪಟ್ಟಿ. 15ರಲ್ಲಿ ಮಾಸಿದ ನೆರಳು. 30ರಲ್ಲಿ ಜಾಗ ಖಾಲಿ. 60ರಲ್ಲಿ ಪಟ್ಟಿ ಮತ್ತೆ ಬಂದಿತ್ತು! ಎನ್‌ಎಫ್-ಕಪ್ಪಾ-ಬಿ ಚಾಲೂ ಮಾಡುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ತನ್ನನ್ನು ಹಿಡಿದಿಡುವವನನ್ನು ಅದು ತಾನೇ ಹೊಸದಾಗಿ ಮಾಡಿಸುತ್ತದೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ನನ್ನದೇ ಕೋಶಗಳಲ್ಲಿ ಆ ಪಟ್ಟಿ ಹೋಗಿ ತಿರುಗಿ ಬಂದದ್ದು ನೋಡಿದಾಗ ಮೈ ಜುಮ್ ಅಂದಿತು. ಮೊದಲ ಯೋಜನೆಯಲ್ಲಿ 0 ಮತ್ತು 120 ಮಾತ್ರ ಬರೆದಿದ್ದೆ. ಅಷ್ಟೇ ಮಾಡಿದ್ದರೆ ಎರಡೂ ಕಡೆ ಪಟ್ಟಿ ಕಂಡು, ಏನೂ ಆಗಿಲ್ಲ ಎಂದು ಬರೆದುಬಿಡುತ್ತಿದ್ದೆ.

ಅವ್ವ ಈಗಲೂ ಕೇಳುತ್ತಾಳೆ, "ಹಂಗಾರ ಬಳ್ಳಿ ಸುಳ್ಳೇನು?" ಸುಳ್ಳು ಎಂದು ನಾನು ಹೇಳಲಾರೆ, ಅದನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ಈಗ ಕೇಳುತ್ತಿದ್ದೇನೆ. ಶುದ್ಧ ನೀರಿನ ಸಾರವನ್ನು ಮೊದಲು ಕೊಟ್ಟು, ಆಮೇಲೆ ಎಲ್‌ಪಿಎಸ್ ಹಾಕಿದರೆ, 60ನೇ ನಿಮಿಷದ ಆ ಪಟ್ಟಿ ಬೇಗ ಬರುತ್ತದೋ ತಡವಾಗುತ್ತದೋ ನೋಡಬೇಕು. ಎರಡು ಸಲ ಮಾಡಿ ಆಗಿದೆ, ಮೂರನೆಯದು ಬರುವ ವಾರ.